ಮಗಳಿಗೊಂದು ಪತ್ರ: ಬಿಟ್ಟುಹೋದ ಆ ಒಂದು ಸಾಲು

ಪ್ರೀತಿಯ ಮಗಳೇ,

ನಿನ್ನೆ ಸಂಜೆ ನಮ್ಮ ಸಿಎನ್‌ಸಿ ಮೆಷಿನ್ನಿನ, ಅಂದರೆ ಬರೆದುಕೊಟ್ಟ ಪ್ರೋಗ್ರಾಂನಂತೆ ತಾನೇ ನಡೆದು ಮರ ಕೊರೆಯುವ ಮೆಷಿನ್ನಿನ, ಕಟರ್ ಟಕ್ ಅಂತ ಮುರಿದಾಗ ‘ಮೆಷಿನ್ ಕೆಟ್ಟೋಯ್ತಮ್ಮ’ ಅಂದೆ. ನಾನು ಆತುರದಲ್ಲಿ ‘ಸರಿಯಾಗಿ ನೋಡ್ಕೋಬೇಕಿತ್ತು’ ಅಂದುಬಿಟ್ಟೆ. ನೀನು ಏನೂ ಹೇಳದೆ ಕಣ್ಣು ಕಾಯುವ ಕನ್ನಡಕ ಬಿಚ್ಚಿಟ್ಟು ಒಳಗೆ ಹೋದೆ. ಆ ಮಾತು ನಾನು ಆಡಬಾರದಿತ್ತು. ಏನು ನೋಡಬೇಕು, ಹೇಗೆ ನೋಡಬೇಕು ಅಂತ ನಿನಗೆ ಹೇಳಿಕೊಟ್ಟೇ ಇರಲಿಲ್ಲ, ಅಲ್ವಾ? ಅದಕ್ಕೇ ಈ ಪತ್ರ.

ನೀನು ಮಲಗಿದ ಮೇಲೆ ನಿನ್ನ ಪ್ರೋಗ್ರಾಂ ಓದಿದೆ. ತಮ್ಮನಿಗೆ ಆಕಾರ ಜೋಡಿಸುವ ಹಲಗೆ. ಒಂದು ದುಂಡು ಗುಂಡಿ (ತೂತು), ಒಂದು ಚೌಕ, ಒಂದು ತ್ರಿಕೋನ. ಒಟ್ಟು 77 ಸಾಲು, ಎಲ್ಲವೂ ನಿನ್ನ ಕೈಬರಹ. 6 ಮಿಲಿಮೀಟರ್ ಪ್ಲೈವುಡ್ಡನ್ನು ಒಂದೇ ಸಲ ಕೊರೆಯದೆ, ಒಂದೊಂದು ಮಿಲಿಮೀಟರಿನಂತೆ ಆರು ಸುತ್ತು ಬರೆದಿದ್ದೀಯ. ಅದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು.

17ನೇ ಸಾಲಿಗೆ ದುಂಡು ಗುಂಡಿ ಮುಗಿಯುತ್ತದೆ. ಕಟರ್ ಆಗ ಮರದೊಳಗೆ 6 ಮಿಲಿಮೀಟರ್ ಇಳಿದು ನಿಂತಿದೆ. 18ನೇ ಸಾಲು ‘ಜಿ0 ಎಕ್ಸ್70 ವೈ20’. ಜಿ0 ಅಂದರೆ ಇರುವಷ್ಟು ವೇಗದಲ್ಲಿ ಓಡು ಅಂತ; ಎಕ್ಸ್, ವೈ ಅಂದರೆ ಹಲಗೆಯ ಮೇಲೆ ಹೋಗಬೇಕಾದ ಜಾಗ. ಮೆಷಿನ್ ಓಡಿತು. ಮೇಲೆ ಎತ್ತು ಅಂತ ನೀನು ಹೇಳಿರಲಿಲ್ಲ, ಅದು ಎತ್ತಲಿಲ್ಲ. ಗಟ್ಟಿ ಮರದ ನಡುವೆ ಪೂರ್ತಿ ಆಳದಲ್ಲಿ ಓಡಿದರೆ 3 ಮಿಲಿಮೀಟರಿನ ಕಟರ್ ಹೇಗೆ ತಾನೇ ತಡೆದುಕೊಳ್ಳುತ್ತೆ? ಮೆಷಿನ್ ಕೆಟ್ಟಿಲ್ಲ ಮಗಳೇ. ನೀನು ಬರೆದದ್ದನ್ನೇ ಅದು ಒಂದು ಅಕ್ಷರ ತಪ್ಪದೆ ಮಾಡಿದೆ. ಆ ಎರಡು ಸಾಲುಗಳ ನಡುವೆ ‘ಜಿ0 ಝಡ್5’ (ಝಡ್ ಅಂದರೆ ಮೇಲೆ ಕೆಳಗಿನ ಅಳತೆ) ಇದ್ದಿದ್ದರೆ ಕಟರ್ ಮರಕ್ಕಿಂತ 5 ಮಿಲಿಮೀಟರ್ ಮೇಲೆ ಬಂದು, ಗಾಳಿಯಲ್ಲಿ ಸುಮ್ನೆ ಹೋಗಿಬಿಡುತ್ತಿತ್ತು.

ಈ ತಪ್ಪು ನೀನು ಮೊದಲ ಸಲ ಮಾಡಿದ್ದಲ್ಲ. ಕಟರ್ ಹಿಡಿದು ತಿರುಗಿಸುವ ಸ್ಪಿಂಡಲ್ ಜಾಗದಲ್ಲಿ ಪೆನ್ ಕಟ್ಟಿ ಮನೆಯ ಚಿತ್ರ ಬಿಡಿಸಿದ್ದು ನೆನಪಿದೆಯಾ? ಬಾಗಿಲಿನಿಂದ ಚಾವಣಿಗೆ ಒಂದು ಬೇಡದ ಗೆರೆ ಎಳೆದುಕೊಂಡಿತ್ತು. ‘ಇದ್ಯಾಕೆ ಬಂತು’ ಅಂತ ನೀನು ಕೇಳಿದೆ, ಆಮೇಲೆ ಅದರ ಮೇಲೆ ಮೆಟ್ಟಿಲು ಬರೆದು ಮುಚ್ಚಿಬಿಟ್ಟೆ. ಅದೂ ಪೆನ್ ಎತ್ತದೆ ಓಡಿಸಿದ ಗೆರೆಯೇ. ಕಾಗದದ ಮೇಲೆ ಗೆರೆಯಾಗಿ ಬಂದದ್ದು ಮರದಲ್ಲಿ ಕಟರ್ ಮುರಿಯಿತು. ಮಕ್ಕಳಿಗೆ ಮೊದಲು ಪೆನ್ನಿನಲ್ಲೇ ಕಲಿಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಅಲ್ಲಿ ತಪ್ಪು ಕಣ್ಣಿಗೆ ಕಾಣುತ್ತೆ, ಏನೂ ಮುರಿಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಆಫ್‌ಸೆಟ್ (ಟೂಲಿನ ಅಳತೆ ಮೆಷಿನ್ನಿಗೆ ಹೇಳುವ ಅಂಕಿ) ತಪ್ಪಾಗಿ ಹಾಕಿ ಟೂಲನ್ನು ನೇರವಾಗಿ, ತುಂಡನ್ನು ಬಿಗಿಹಿಡಿಯುವ ವೈಸಿಗೆ ಗುದ್ದಿಸಿದ್ದೆ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆಗ ನಮ್ಮ ಸೀನಿಯರ್ ಒಬ್ಬರು ಕಲಿಸಿದ್ದನ್ನು ಇಂದಿಗೂ ಬಿಟ್ಟಿಲ್ಲ. ಪ್ರೋಗ್ರಾಂ ಕೈಯಲ್ಲಿ ಹಿಡಿ. ಗಟ್ಟಿಯಾಗಿ ಒಂದೊಂದೇ ಸಾಲು ಓದು. ಇನ್ನೊಂದು ಕೈಯ ಬೆರಳನ್ನು ಜಾಬ್, ಅಂದರೆ ಕೊರೆಯುವ ತುಂಡಿನ ಮೇಲೆ ಇಟ್ಟು, ಸಾಲು ಹೇಳಿದ ಕಡೆಗೆ ಬೆರಳು ಸರಿಸು. ಝಡ್ ಮೈನಸ್ ಬಂದರೆ ಬೆರಳು ಮರ ಮುಟ್ಟಬೇಕು. ಝಡ್ ಪ್ಲಸ್ ಬಂದರೆ ಎತ್ತಬೇಕು. ಸಾಲು ಎತ್ತು ಅನ್ನದಿದ್ದರೆ ಬೆರಳೂ ಎತ್ತಬಾರದು, ಅದೇ ಕಷ್ಟ. ನಮ್ಮ ಬೆರಳಿಗೆ ಬುದ್ಧಿ ಇದೆ, ತಾನಾಗಿ ಎದ್ದುಬಿಡುತ್ತೆ. ಅದನ್ನು ಒತ್ತಿ ಹಿಡಿದು ಓದು. 18ನೇ ಸಾಲಿಗೆ ನಿನ್ನ ಬೆರಳು ಪ್ಲೈವುಡ್ ಮೇಲೆ ಉಜ್ಜಿಕೊಂಡು ಹೋಗುತ್ತೆ, ಆಗ ನಿನಗೇ ಗೊತ್ತಾಗುತ್ತೆ. ಸ್ಪಿಂಡಲ್ ಆಫ್ ಇರುವಾಗ ಮಾತ್ರ ಇದು, ಮರೀಬೇಡ.

ಇನ್ನು ಸೊನ್ನೆಯ ವಿಷಯ. ಮರ ಎಲ್ಲಿದೆ ಅನ್ನೋದು ಮೆಷಿನ್ನಿಗೆ ಗೊತ್ತಿಲ್ಲ. ಅದಕ್ಕೆ ಕಣ್ಣಿಲ್ಲ. ‘ಇದೇ ಸೊನ್ನೆ’ ಅಂತ ನೀನು ತೋರಿಸಿದ ಜಾಗದಿಂದ ಎಣಿಸುತ್ತೆ, ಅಷ್ಟೇ. ಝಡ್ ಸೊನ್ನೆ ಹಿಡಿಯಲು ಮರದ ಮೇಲೆ ಒಂದು ಕಾಗದದ ಚೂರು ಇಡು. ಸ್ಪಿಂಡಲ್ ನಿಂತಿರಲಿ. ಕಟರನ್ನು 0.1 ಮಿಲಿಮೀಟರಿನಂತೆ ಇಳಿಸುತ್ತಾ, ಕಾಗದವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಿರು. ಮೊದಲು ಆರಾಮಾಗಿ ಜಾರುತ್ತೆ. ಆಮೇಲೆ ಒಂದು ಹೆಜ್ಜೆಗೆ ಸ್ವಲ್ಪ ತಡೆಯುತ್ತೆ, ಯಾರೋ ಇನ್ನೊಂದು ತುದಿ ಹಿಡಿದ ಹಾಗೆ. ಅಲ್ಲಿ ನಿಲ್ಲಿಸು. ಸಾಮಾನ್ಯ ಕಾಗದ ಸುಮಾರು 0.1 ಮಿಲಿಮೀಟರ್ ದಪ್ಪ ಇರುತ್ತೆ, ಅಷ್ಟನ್ನು ಲೆಕ್ಕಕ್ಕೆ ತಗೋ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಗಳಿಗೆ ಇದು. ಕೂದಲೆಳೆಯಷ್ಟು ಅಂತರವನ್ನು ಎರಡು ಬೆರಳುಗಳು ತಿಳಿಯುತ್ತವೆ.

ಮೊದಲ ದಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಚೂರಿನಲ್ಲಿ 40 ಮಿಲಿಮೀಟರಿನ ಬಿಲ್ಲೆ ಕತ್ತರಿಸಿದೆವು. ವರ್ನಿಯರ್ ಇಟ್ಟು ನೋಡಿದರೆ ಬಿಲ್ಲೆ 37, ಗುಂಡಿ 43. ‘6 ಮಿಲಿಮೀಟರ್ ಎಲ್ಲಿ ಹೋಯ್ತು?’ ಅಂತ ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಕಟರಿನ ನಡುಮಧ್ಯ ಗೆರೆಯ ಮೇಲೆ ನಡೆಯುತ್ತೆ. ಗೆರೆಯ ಒಳಗೆ ಒಂದೂವರೆ, ಹೊರಗೆ ಒಂದೂವರೆ ಮಿಲಿಮೀಟರ್ ತಿನ್ನುತ್ತೆ. 40ರ ಗುಂಡಿ ಬೇಕಿದ್ದರೆ 37ರ ದಾರಿ ಬರೆ. ತುಂಬಿಸುವ ಬಿಲ್ಲೆಗೆ 43ರ ದಾರಿ. ಹಾಗೆ ಮಾಡಿದರೂ ಎರಡೂ 40 ಆಗಿ, ಬಿಲ್ಲೆ ಬಿಗಿಯಾಗುತ್ತೆ. ತಮ್ಮನ ಪುಟ್ಟ ಕೈಗೆ ಅರ್ಧ ಮಿಲಿಮೀಟರ್ ಸಡಿಲ ಬಿಡು. ಚೌಕದಲ್ಲಿ ಇನ್ನೊಂದು ತೊಡಕಿದೆ. ಗುಂಡಿಯ ಮೂಲೆಗಳು ಯಾವಾಗಲೂ ದುಂಡಗೇ ಬರುತ್ತವೆ, ಯಾಕೆಂದರೆ ಕಟರೇ ದುಂಡಗಿದೆ. ಚೂಪು ಮೂಲೆಯ ಚೌಕ ಅದರಲ್ಲಿ ಕೂರುವುದಿಲ್ಲ. ತುಂಡಿನ ಮೂಲೆಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದರೆ ಸಾಕು, ಮಗುವಿನ ಕೈಗೂ ಚುಚ್ಚುವುದಿಲ್ಲ.

ಕಟರ್ ಮುರಿದ ಭಯಕ್ಕೆ ನೀನು ಈಗ ಫೀಡನ್ನು, ಅಂದರೆ ಕಟರ್ ಮರದಲ್ಲಿ ಮುಂದೆ ಸಾಗುವ ವೇಗವನ್ನು, ತೀರಾ ಕಮ್ಮಿ ಮಾಡುತ್ತೀಯ ಅಂತ ನನಗೆ ಅನುಮಾನ. ಬೇಡ. ನಮ್ಮ ಸ್ಪಿಂಡಲ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತೆ. ಕಟರಿಗೆ ಎರಡು ಹಲ್ಲು. ಫೀಡ್ ನಿಮಿಷಕ್ಕೆ 600 ಮಿಲಿಮೀಟರ್ ಇದ್ದರೆ ಒಂದೊಂದು ಹಲ್ಲು 0.03 ಮಿಲಿಮೀಟರ್ ಕಚ್ಚುತ್ತೆ. 60 ಇಟ್ಟರೆ 0.003. ಅಷ್ಟು ಕಮ್ಮಿಯಾದರೆ ಹಲ್ಲು ಕಚ್ಚುವುದಿಲ್ಲ, ಉಜ್ಜುತ್ತೆ. ಬಿಸಿಯೇರಿ ಮರ ಕಪ್ಪಗಾಗುತ್ತೆ, ಸುಟ್ಟ ವಾಸನೆ ಬರುತ್ತೆ. ಹೊರಗೆ ಬೀಳುವುದನ್ನು ನೋಡು. ಸಣ್ಣ ಸಣ್ಣ ಚೂರು ಬಿದ್ದರೆ ಸರಿ. ಪ್ಲೈವುಡ್ಡಿನಿಂದ ಬರೀ ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಕಟರ್ ಮೊಂಡಾಗಿದೆ, ಇಲ್ಲವೇ ಫೀಡ್ ಕಮ್ಮಿಯಾಗಿದೆ.

ಒಂದು ಆಟ ಹೇಳ್ತೀನಿ, ಮೆಷಿನ್ನೇ ಬೇಡ. ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಅನ್ನುವವರು ಹೆಲಿಕಾಪ್ಟರಿನ ರೆಕ್ಕೆ ತಯಾರಿಸುತ್ತಿದ್ದರು. ಅದರ ಬಾಗಿದ ಆಕಾರ ಸರಿಯಾಗಿ ಬರಬೇಕಿತ್ತು. ಬಾಗಿನ ಮೇಲಿನ ಬಿಂದುಗಳನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡು, ಒಬ್ಬರು ಅಂಕಿ ಓದುತ್ತಿದ್ದರು, ಒಬ್ಬರು ಎಕ್ಸ್ ಹಿಡಿ ತಿರುಗಿಸುತ್ತಿದ್ದರು, ಇನ್ನೊಬ್ಬರು ವೈ. ಆ ಓದುವ, ತಿರುಗಿಸುವ ಕೆಲಸವನ್ನು ಮೆಷಿನ್ನಿಗೇ ವಹಿಸಬೇಕು ಅನ್ನುವ ಆಸೆ ಮುಂದೆ ಬೆಳೆಯಿತು. 1952ರಲ್ಲಿ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ, ತೂತು ಹಾಕಿದ ಕಾಗದದ ಪಟ್ಟಿಯಿಂದ ಅಂಕಿ ಓದಿ ತಾನೇ ನಡೆಯುವ ಮಿಲ್ಲಿಂಗ್ ಮೆಷಿನ್ ತೋರಿಸಿದರು. ಆ ಮೂವರ ಕೆಲಸವನ್ನು ನಾವೂ ಮಾಡೋಣ. ಗ್ರಾಫ್ ಹಾಳೆಯ ಮೇಲೆ ನೀನು ಎಕ್ಸ್ ಸ್ಕೇಲ್ ಸರಿಸು, ಅಪ್ಪ ವೈ ಸ್ಕೇಲ್ ಸರಿಸಲಿ. ನಾನು ಅಂಕಿ ಓದ್ತೀನಿ. ಎರಡೂ ಸ್ಕೇಲ್ ಕೂಡುವ ಕಡೆ ಚುಕ್ಕೆ ಇಡು. ಚುಕ್ಕೆಗಳನ್ನು ಸೇರಿಸಿದಾಗ ಏನು ಚಿತ್ರ ಬರುತ್ತೆ ಅಂತ ಈಗ ಹೇಳಲ್ಲ.

ಸ್ಪಿಂಡಲ್ ತಿರುಗುವಾಗಿನ ನಿಯಮಗಳಲ್ಲಿ ಮಾತ್ರ ನನ್ನ ಹತ್ತಿರ ರಿಯಾಯಿತಿ ಇಲ್ಲ. ಕನ್ನಡಕ ಇರಬೇಕು. ಜಡೆ ಎತ್ತಿ ಕಟ್ಟಿರಬೇಕು, ತೋಳು ಮಡಚಿರಬೇಕು. ಗ್ಲೌಸ್ ಬೇಡ. ಅದು ಕೈ ಕಾಪಾಡುತ್ತೆ ಅಂತ ಅನ್ನಿಸಬಹುದು, ಆದರೆ ತಿರುಗುವ ಟೂಲ್ ಬಟ್ಟೆ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತೆ. ಎಂಡಿಎಫ್ ಕತ್ತರಿಸುವಾಗ ಮಾಸ್ಕ್ ಹಾಕಿಕೋ, ಆ ಧೂಳು ಎದೆಗೆ ಒಳ್ಳೆಯದಲ್ಲ. ಪಕ್ಕದಲ್ಲಿ ನಾನೋ ಅಪ್ಪನೋ ಇಲ್ಲದೆ ಸ್ಟಾರ್ಟ್ ಒತ್ತಬಾರದು. ನಿನ್ನೆ ಸದ್ದು ಬದಲಾದ ತಕ್ಷಣ ಎಮರ್ಜೆನ್ಸಿ ಸ್ಟಾಪ್ ಒತ್ತಿದ್ದು ನೀನೇ, ನಾನಲ್ಲ. ಅದನ್ನು ನಿನ್ನೆಯೇ ಹೇಳಬೇಕಿತ್ತು.

ಹೊಸ ಕಟರ್ ಡಬ್ಬಿಯಲ್ಲಿದೆ. ಕಾಗದದ ಚೂರು ನಿನ್ನ ನೋಟ್‌ಬುಕ್ಕಿನಲ್ಲಿಟ್ಟಿದ್ದೇನೆ. 17 ಮತ್ತು 18ನೇ ಸಾಲಿನ ನಡುವೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ, ಸಾಲು ಬರೆದಿಲ್ಲ. ನೀನೇ ಬರೆ. ಮೊದಲು ಅಪ್ಪನ ಜೊತೆ ಪೆನ್ ಕಟ್ಟಿ ಒಂದು ಸಲ ಓಡಿಸು. ಆಮೇಲೆ ನನ್ನನ್ನು ಕರಿ.

ಇಂತಿ ನಿನ್ನ
ಅಮ್ಮ