ವಿಷಯ: ಬ್ರೈಡಲ್ ಲೆದರ್ ಎಂದು ಬಿಲ್ ಹಾಕಿ ಕ್ರೋಮ್ ಚರ್ಮ ಕೊಟ್ಟಿರುವ ಬಗ್ಗೆ

ಮ್ಯಾನೇಜರ್ ಅವರಿಗೆ,

ಮಾನ್ಯರೇ,

ನಿಮ್ಮ ಅಂಗಡಿಗೆ ಯಾವಾಗ ಫೋನ್ ಮಾಡಿದರೂ ಸಂಬಂಧಪಟ್ಟವರು ಊಟಕ್ಕೆ ಹೋಗಿರುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಊಟ, ಸಂಜೆ ಐದಕ್ಕೂ ಊಟ. ಇರಲಿ. ಆದರೆ ನಿನ್ನೆ ವಾಟ್ಸಾಪ್‌ನಲ್ಲಿ ಬಂದ ಉತ್ತರ ನೋಡಿದ ಮೇಲೆ ಸುಮ್ನಿರೋಕೆ ಆಗಲಿಲ್ಲ: "ಕಟ್ ಮಾಡಿದ ಮಾಲು ವಾಪಸ್ ಇಲ್ಲ. ಥ್ಯಾಂಕ್ಯೂ."

ಕಟ್ ಮಾಡದೆ ಒಳಗೆ ಏನಿದೆ ಅಂತ ನೋಡೋದು ಹೇಗೆ ಸ್ವಾಮಿ?

ಬಿಲ್ಲಿನಲ್ಲಿ ನೀವು ಬರೆದಿರುವುದು ಇಷ್ಟು: ಬ್ರೈಡಲ್ ಲೆದರ್, ವೆಜಿಟೇಬಲ್ ಟ್ಯಾನ್, ಬಟ್, 4 ಎಂಎಂ, ಕಂದು. ಅಂದರೆ ಕುದುರೆಯ ಲಗಾಮಿಗೆ ಬಳಸುವ ಬಗೆಯ, ಮರದ ತೊಗಟೆಯಂಥ ಸಸ್ಯರಸದಲ್ಲಿ ಹದ ಮಾಡಿದ, ಪ್ರಾಣಿಯ ಹಿಂಭಾಗದ ಚರ್ಮ.

ಬೆಲ್ಟಿಗೆಂದು ಒಂದೂವರೆ ಇಂಚಿನ ಪಟ್ಟಿ ಕೊಯ್ದೆ. ಅಂಚಿನಲ್ಲಿ, ಕಂದು ಬಣ್ಣದ ಮಧ್ಯೆ, ನೀಲಿ ಬೂದು ಗೆರೆ. ಅಂದರೆ ಕ್ರೋಮ್, ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಅನುಮಾನಕ್ಕೆ ಜಾಗ ಬೇಡ ಅಂತ ಒಂದು ಚೂರನ್ನು ಕುದಿಯುವ ನೀರಿಗೆ ಹಾಕಿದೆ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮವಾಗಿದ್ದರೆ ಸುರುಟಿಕೊಂಡು ಗಟ್ಟಿಯಾಗಬೇಕಿತ್ತು. ನಿಮ್ಮದು ಹಾಗೇ ಇತ್ತು. ಅಂಚಿಗೆ ನೀರು ಸವರಿ, ಅಂಚು ನಯ ಮಾಡುವ ಮರದ ಸ್ಲಿಕರ್‌ನಲ್ಲಿ ಉಜ್ಜಿದೆ. ತೊಗಟೆ ಚರ್ಮಕ್ಕೆ ಬರಬೇಕಾದ ಹೊಳಪು ಹಾಗಿರಲಿ, ಜುಂಗು ಎದ್ದಿತು.

ಮೇಲಿನ ಬಿಳಿ ಮೇಣ ಮಾತ್ರ ಜೋರಾಗಿತ್ತು, ಮೈದಾ ಉದುರಿಸಿದ ಹಾಗೆ. ನಿಜವಾದ ಬ್ರೈಡಲ್‌ನಲ್ಲಿ ಕೊಬ್ಬು, ಎಣ್ಣೆ, ಮೇಣ ಚರ್ಮದ ಒಳಗೇ ಇಳಿದಿರುತ್ತದೆ. ಅಲ್ಲಿಂದ ಮೇಲೆ ಬಂದು ಬೆಳ್ಳಗೆ ಕಟ್ಟುತ್ತದೆ, ಒರೆಸಿದರೂ ಮತ್ತೆ ಬರುತ್ತದೆ. ನಿಮ್ಮದನ್ನು ಒರೆಸಿಟ್ಟು ಕಾಯುತ್ತಿದ್ದೇನೆ. ಇನ್ನೂ ಬಂದಿಲ್ಲ. ಬಹುಶಃ ಅದೂ ಊಟಕ್ಕೆ ಹೋಗಿರಬೇಕು.

ಪಟ್ಟಿ ಹಿಡಿದುಕೊಂಡೇ ಅಂಗಡಿಗೆ ಬಂದೆ. ಕೌಂಟರಿನಲ್ಲಿದ್ದವರು ಅದನ್ನು ಮುಟ್ಟಲೂ ಇಲ್ಲ. "ಬ್ರೈಡಲ್, ಹಾರ್ನೆಸ್ ಎಲ್ಲ ಕುದುರೆಗೆ ಹಾಕೋದೇ ಸಾರ್. ನಿಮ್ಮ ಗಿರಾಕಿಗಳು ಕುದುರೆಗಳಾ?" ಅಂದರು. ಪಕ್ಕದಲ್ಲಿ ಸೋಲ್ ಶೀಟ್ ನೋಡುತ್ತಿದ್ದ ಇಬ್ಬರು ನಕ್ಕರು. ನಾನು ತಾಳ್ಮೆಯಿಂದಲೇ ಹೇಳಿದೆ. ಹಾರ್ನೆಸ್ ಅಂದರೆ ಗಾಡಿ ಎಳೆಯುವ ಕುದುರೆಯ ಸರಂಜಾಮು. ಹಾರ್ನೆಸ್‌ಗೆ ಎಣ್ಣೆ, ಕೊಬ್ಬು ಜಾಸ್ತಿ, ಹಿಂಬದಿ ಸ್ವಲ್ಪ ಒರಟಾಗಿದ್ದರೂ ನಡೆಯುತ್ತದೆ. ಬ್ರೈಡಲ್ ಕುದುರೆಯ ಮುಖಕ್ಕೆ ತಾಗುವುದು, ಹಾಗಾಗಿ ಚರ್ಮದ ಎರಡೂ ಬದಿ ನಯವಾಗಿರಬೇಕು, ಬೆಲ್ಟಿಗೆ ಅದು ಒಗ್ಗುವುದೂ ಅದಕ್ಕೇ. ಇಂಗ್ಲೆಂಡಿನ ಡೆವನ್‌ನಲ್ಲಿ ಬೇಕರ್ ಅವರ ಟ್ಯಾನರಿ ಓಕ್ ತೊಗಟೆಯಲ್ಲಿ ವರ್ಷಕ್ಕೂ ಜಾಸ್ತಿ ಕಾಲ ಹದ ಮಾಡುತ್ತದೆ ಅಂತಲೂ ಹೇಳಿದೆ. "ಯೂಟ್ಯೂಬ್ ಜಾಸ್ತಿ ನೋಡ್ತೀರಾ ಅನ್ಸುತ್ತೆ" ಅಂದರು.

ಆಮೇಲೆ ಆ ಮಹಾಶಯರು ತಮ್ಮ ಸೊಂಟದ ಬೆಲ್ಟು ಬಿಚ್ಚಿ ಕೌಂಟರ್ ಮೇಲೆ ಎಸೆದರು. "ನಾಲ್ಕು ವರ್ಷ ಆಯ್ತು. ಏನಾಗಿದೆ ಹೇಳಿ?" ಏನಾಗಿತ್ತು ಅಂದರೆ, ಮೂರನೇ ತೂತಿನ ಹತ್ತಿರ ಅಂಚಿನ ಬಣ್ಣ ಎದ್ದು, ಎರಡು ತೆಳು ಪದರದ ನಡುವಿನ ರಟ್ಟು ಹೊರಗೆ ಇಣುಕುತ್ತಿತ್ತು. ಬೆರಳಿಟ್ಟು ತೋರಿಸಿದೆ. ಅವರಿಗೆ ಸಿಟ್ಟು ಬಂತು. "ಹಾಗಾದ್ರೆ ನಿಮ್ದು ತೋರ್ಸಿ." ಅಂಗಿ ಎತ್ತಿ ತೋರಿಸಿದೆ. ಅವರು ಬಗ್ಗಿ ಉಗುರಿನಿಂದ ಗೀರಿದರು. ಬಕಲ್ ಎಳೆದು ನೋಡಿದರು. ಕೊನೆಗೆ ಮೂಸಿದರು. ಬೆಲ್ಟು ಇನ್ನೂ ನನ್ನ ಸೊಂಟದ ಮೇಲೇ ಇತ್ತು. ನಿಮ್ಮ ಹುಡುಗ ಮೊಬೈಲ್ ಎತ್ತಿ ಹಿಡಿದಿದ್ದ. "ಇದೂ ನಮ್ಮದೇ ಮಾಲು ಅಲ್ವಾ?" ಅಂದರು. ಅಲ್ಲ, ಕಾನ್ಪುರದ್ದು ಅಂದೆ. "ಹಾಗಾದ್ರೆ ಅಲ್ಲಿಗೇ ಹೋಗಿ."

ಇನ್ನೊಂದು ಮಾತು. ಬಟ್ ಅಂತ ದುಡ್ಡು ತೆಗೆದುಕೊಂಡು ಶೋಲ್ಡರ್ ಕೊಟ್ಟಿದ್ದೀರಿ. ಕುತ್ತಿಗೆಯ ಸುಕ್ಕುಗಳು ಎದ್ದು ಕಾಣುತ್ತಿವೆ. ಬಟ್ ಭಾಗದಲ್ಲಿ ನಾರು ಬಿಗಿಯಾಗಿರುತ್ತದೆ, ಶೋಲ್ಡರ್ ಎಳೆದರೆ ಹಿಗ್ಗುತ್ತದೆ. ತೂತು ಉದ್ದವಾದ ಮೇಲೆ ಗಿರಾಕಿ ಬೈಯುವುದು ನನ್ನನ್ನು, ನಿಮ್ಮನ್ನಲ್ಲ. ಕ್ರೋಮ್ ಚರ್ಮದ ಮೇಲೆ ನನಗೇನೂ ದ್ವೇಷವಿಲ್ಲ. ಶೂ ಅಪ್ಪರ್‌ಗೆ, ಜಾಕೆಟ್ಟಿಗೆ ಹೇಳಿ ಮಾಡಿಸಿದ್ದು. ಕ್ರೋಮ್ ಅಂತ ಬರೆದು ಕ್ರೋಮ್ ರೇಟಿಗೆ ಮಾರಿ.

"ವ್ಯಾಪಾರಕ್ಕೆ ಕೊಂಡವರು ಗ್ರಾಹಕ ನ್ಯಾಯಾಲಯಕ್ಕೆ ಹೋಗೋಕಾಗಲ್ಲ" ಅಂತ ನಿಮ್ಮವರು ಕಾನೂನನ್ನೂ ಹೇಳಿಕೊಟ್ಟರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಅವರು ಅರ್ಧಕ್ಕೇ ನಿಲ್ಲಿಸಿದಂತಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನೂ ಗ್ರಾಹಕನೇ. 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಮೊದಲು ಪೂರ್ತಿ ಹಣ ವಾಪಸ್ ಕೇಳೋಣ ಅಂದುಕೊಂಡಿದ್ದೆ. ಈಗ ಹಣಕ್ಕೆ ಅಷ್ಟೇನೂ ಅವಸರವಿಲ್ಲ. ಬರುವ ಸೋಮವಾರದೊಳಗೆ ನಿಮ್ಮಿಂದ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ, ಚರ್ಮದ ಚೂರು ಪರೀಕ್ಷೆಗೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಗೆ ಹೋಗುತ್ತದೆ, ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಹುಡುಗ ತೆಗೆದ ವಿಡಿಯೊ ಅಳಿಸಬೇಡಿ, ಅದನ್ನೂ ಸಾಕ್ಷಿಗೆ ಕೇಳಲಿದ್ದೇನೆ. ವಿಚಾರಣೆಗೆ ಕೌಂಟರಿನ ಮಹಾಶಯರೇ ಬರಲಿ, ಅದೇ ಬೆಲ್ಟು ಹಾಕಿಕೊಂಡು.

ಇಂತಿ,
ಬಿಲ್ಲಿನಲ್ಲಿ ಹೆಸರಿರುವ ಗಿರಾಕಿ
ಬೆಂಗಳೂರು