ಎ ಮೈನರ್‌ಗೆ ಕೊನೆಗೂ ಕೈ ಕೂತಿತು ಕಣೋ

ಗೆಳೆಯಾ,

ಮೊನ್ನೆ ರಾತ್ರಿ ಗಿಟಾರಿನಲ್ಲಿ ಎ ಮೈನರ್ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಐದೂ ತಂತಿ ಒಟ್ಟಿಗೆ ನುಡಿದವು. ಒಂದೂ ಮುಚ್ಚಿಹೋಗಲಿಲ್ಲ, ಒಂದೂ ಜರ್ ಅನ್ನಲಿಲ್ಲ. ಸದ್ದು ಪೂರ್ತಿ ಆರುವ ತನಕ ಬೆರಳು ತೆಗೆಯದೆ ಹಾಗೇ ಕೂತಿದ್ದೆ. ಆಗಲೇ ನಿನಗೆ ಬರೆಯಬೇಕು ಅನಿಸಿತು. ಹೋದ ಸಲ ಮಾತಾಡಿದಾಗ ನೀನು "ಮೇಜರ್ ಹೇಗೋ ಬರುತ್ತೆ, ಮೈನರ್ ಮಾತ್ರ ನನ್ನ ಕೈಲಾಗಲ್ಲ" ಅಂದಿದ್ದೆಯಲ್ಲ, ಆ ಮಾತು ತಲೆಯಲ್ಲೇ ಇತ್ತು.

ಗಿಟಾರ್ ಎತ್ತಿಕೋ. ಎಲ್ಲಕ್ಕಿಂತ ದಪ್ಪ ತಂತಿ 6ನೆಯದು, ನೆಲದ ಕಡೆಯ ತೆಳ್ಳನೆಯದು 1ನೆಯದು; ಪಟ್ಟಿಗಳ ನಡುವಿನ ಮನೆಯೇ ಫ್ರೆಟ್. ಮೊದಲು ಇ ಮೇಜರ್ ಹಿಡಿ. ನಡುಬೆರಳು 5ನೇ ತಂತಿಯ 2ನೇ ಫ್ರೆಟ್‌ನಲ್ಲಿ, ಉಂಗುರ ಬೆರಳು 4ನೇ ತಂತಿಯ 2ನೇ ಫ್ರೆಟ್‌ನಲ್ಲಿ, ತೋರುಬೆರಳು 3ನೇ ತಂತಿಯ 1ನೇ ಫ್ರೆಟ್‌ನಲ್ಲಿ. ಒಂದು ಸಲ ಮೀಟು. ಈಗ ತೋರುಬೆರಳನ್ನು ಮಾತ್ರ ಎತ್ತಿ ಮತ್ತೆ ಮೀಟು. ಅಷ್ಟೇ, ಇ ಮೈನರ್ ಆಯ್ತು! ಉಳಿದ ಐದು ತಂತಿ ಇದ್ದ ಹಾಗೇ ಇವೆ. 3ನೇ ತಂತಿ ಮಾತ್ರ ಜಿ ಶಾರ್ಪ್‌ನಿಂದ ಜಿಗೆ ಇಳಿಯಿತು. ಇಷ್ಟು ಸಣ್ಣ ಇಳಿತಕ್ಕೆ ಇಡೀ ಸದ್ದಿನ ಬಣ್ಣವೇ ಬದಲಾಗುತ್ತದಲ್ಲ, ನನಗಂತೂ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಸ್ವರದ ಲೆಕ್ಕದಲ್ಲಿ ಹೇಳಿದರೆ ಇನ್ನೂ ಸುಲಭ. ಸ, ಗ, ಪ, ಮೂರೇ. ಸ ಮತ್ತು ಪ ಅಲುಗುವುದಿಲ್ಲ. ಅಂತರ ಗಾಂಧಾರ ಹಾಕಿದರೆ ಮೇಜರ್, ಸಾಧಾರಣ ಗಾಂಧಾರ ಹಾಕಿದರೆ ಮೈನರ್. ಒಂದೇ ತಂತಿಯಲ್ಲಿ ನೋಡು: ಏನೂ ಒತ್ತದೆ ಮೀಟಿದ್ದು ಸ, 7ನೇ ಫ್ರೆಟ್ ಪ. 4ನೇ ಫ್ರೆಟ್ ಮೇಜರ್‌ನ ಗ, 3ನೇ ಫ್ರೆಟ್ ಮೈನರ್‌ನ ಗ.

ಈಗ ನಮ್ಮ ತೊಂದರೆಗೆ ಬರುತ್ತೇನೆ. ಎ ಮೈನರ್‌ಗೆ ಹೊಸ ಆಕಾರ ಕಲಿಯಬೇಕಾಗಿಯೇ ಇಲ್ಲ. ಇ ಮೇಜರ್ ಹಿಡಿದ ಮೂರೂ ಬೆರಳನ್ನು ಹಾಗೇ ಒಂದು ತಂತಿ ನೆಲದ ಕಡೆಗೆ ಸರಿಸು, ಸಾಕು. 6ನೇ ತಂತಿ ಬಿಟ್ಟು 5ನೆಯದರಿಂದ ಮೀಟು. ಕೆಳದನಿಯಲ್ಲಿ ಎ ಇದ್ದರೇ ಈ ಕಾರ್ಡಿಗೆ ನೆಲೆ.

ಎರಡು ವಾರ ನಾನು ಹೀಗೇ ಹಿಡಿದೆ. ಆದರೂ ಏನೋ ಬೋಳು ಬೋಳು. ಬೆರಳಿಗೆ ಬಲ ಸಾಲದು ಅಂದುಕೊಂಡು ಇನ್ನೂ ಜಾಸ್ತಿ ಒತ್ತಿದೆ. ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿತು, ಉರಿಯಿತು, ಸದ್ದು ಮಾತ್ರ ಹಾಗೇ ಇತ್ತು. ಕೊನೆಗೊಂದು ದಿನ ಸ್ಟ್ರಮ್ ಮಾಡುವುದನ್ನೇ ಬಿಟ್ಟು ಒಂದೊಂದೇ ತಂತಿ ಮೀಟಿದೆ. 5, ಸರಿ. 4, ಸರಿ. 3, ಸರಿ. 2, ಟಪ್. ಒಣ ಕಟ್ಟಿಗೆಗೆ ಬಡಿದ ಹಾಗೆ. 3ನೇ ತಂತಿ ಒತ್ತಿದ್ದ ಉಂಗುರ ಬೆರಳು ಮಲಗಿಕೊಂಡು ತನ್ನ ಹೊಟ್ಟೆಯಿಂದ 2ನೇ ತಂತಿಯನ್ನು ಮುಟ್ಟುತ್ತಿತ್ತು.

ಆ ತಂತಿ ಯಾವುದು ಗೊತ್ತಾ? ಹೀಗೆ ಹಿಡಿದಾಗ ಮೀಟುವ ಸ್ವರಗಳು ಎ, ಇ, ಎ, ಸಿ, ಇ. ಎ (ಇಲ್ಲಿ ಸ) ಎರಡು ಸಲ, ಇ (ಇಲ್ಲಿ ಪ) ಎರಡು ಸಲ. ಸಿ ಇರುವುದು 2ನೇ ತಂತಿಯಲ್ಲಿ ಮಾತ್ರ. ಕಾರ್ಡನ್ನು ಮೈನರ್ ಮಾಡುವ ಗಾಂಧಾರ ಅದೇ. ಅದು ಮುಚ್ಚಿಹೋದರೆ ಉಳಿಯುವುದು ಬರೀ ಸ, ಪ. ಆ ಎರಡು ವಾರ ನಾನು ಮೇಜರೂ ಅಲ್ಲದ ಮೈನರೂ ಅಲ್ಲದ ಏನನ್ನೋ ಬಾರಿಸುತ್ತಿದ್ದೆ. ನಿನ್ನದೂ ಇದೇ ಕತೆ ಇರಬಹುದು, ಒಂದೊಂದೇ ತಂತಿ ಮೀಟಿ ನೋಡು.

ಸರಿಹೋಗಿದ್ದು ಬಲದಿಂದಲ್ಲ, ಹೆಬ್ಬೆರಳಿನಿಂದ. ಅದು ಗಿಟಾರಿನ ಕತ್ತಿನ (ನೆಕ್) ಮೇಲೆ ಹತ್ತಿ ಕೂತಿತ್ತು. ಹಿಂಬದಿಯ ನಡುವಿಗೆ ಇಳಿಸಿದೆ. ಮಣಿಕಟ್ಟು ತಾನಾಗಿ ಸ್ವಲ್ಪ ಮುಂದೆ ಬಂತು, ಬೆರಳುಗಳು ಕಮಾನಿನ ಹಾಗೆ ಎದ್ದು ತುದಿಯ ಮೇಲೆ ನಿಂತವು. ಆಮೇಲೆ ಬೆರಳನ್ನು ಫ್ರೆಟ್ ಪಟ್ಟಿಯ ಹತ್ತಿರಕ್ಕೆ ತಂದೆ. ಅರ್ಧ ಒತ್ತಡವೇ ಸಾಕಾಯಿತು. ಉಗುರು ಮಾತ್ರ ಚೆನ್ನಾಗಿ ಕತ್ತರಿಸಿಕೋ, ಇಲ್ಲದಿದ್ದರೆ ಬೆರಳು ನಿಲ್ಲುವುದಿಲ್ಲ.

ಮೈನರ್ ಅಂದರೆ ದುಃಖ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನನಗೆ ಹಾಗನ್ನಿಸುವುದಿಲ್ಲ. ಬೇಗ ಬೇಗ ಬಾರಿಸಿದರೆ ಅದೇ ಎ ಮೈನರ್ ಕಾಲು ಕುಣಿಸುತ್ತದೆ. ನನಗೆ ಅದರಲ್ಲಿ ಕೇಳುವುದು ಒಂದು ತುಯ್ತ. 5ನೇ ತಂತಿ 110 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 110 ಕಂಪನದಲ್ಲಿ, ನುಡಿಯುವಾಗ ಅದರ ಒಳಗೇ ಸಣ್ಣದಾಗಿ 550 ಕೂಡ ನುಡಿಯುತ್ತಿರುತ್ತದೆ. ಅದು ಹೆಚ್ಚುಕಡಿಮೆ ಸಿ ಶಾರ್ಪ್, ಅಂದರೆ ಮೇಜರ್‌ನ ಗ. 4ನೇ ಫ್ರೆಟ್ ಪಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ತಂತಿಯನ್ನು ಒತ್ತದೆ ಸುಮ್ನೆ ಮುಟ್ಟಿ ಮೀಟಿದರೆ ಆ ದನಿ ಒಂದೇ ಹೊರಗೆ ಬರುತ್ತದೆ, ಪುಟ್ಟ ಗಂಟೆಯ ಹಾಗೆ. ಅಂದರೆ ತಂತಿ ತನ್ನೊಳಗೆ ಮೇಜರ್ ಹಾಡುತ್ತಿರುತ್ತದೆ, ನಾವು ಅದರ ಪಕ್ಕದಲ್ಲೇ ಮೈನರ್‌ನ ಸಿ ಇಡುತ್ತೇವೆ. ಆ ತುಯ್ತ ಅಲ್ಲಿಂದಲೇ ಬರುತ್ತದೆ ಅಂತ ನನ್ನ ನಂಬಿಕೆ.

ಈಗ ಎಫ್ ಮೈನರ್ ಹಿಂದೆ ಬಿದ್ದಿದ್ದೇನೆ. ಬ್ಯಾರೆ ಹಿಡಿತದ (ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಮಲಗಿಸುವ ಹಿಡಿತ) ಎಫ್ ಮೇಜರ್‌ನಿಂದ ನಡುಬೆರಳು ಎತ್ತಿದರೆ ಆಯ್ತು, ಅಲ್ಲೂ ಒಂದೇ ಬೆರಳು. ಆದರೆ ಆಗ 3ನೇ ತಂತಿಯ ಭಾರವೂ ಅಡ್ಡ ಮಲಗಿದ ತೋರುಬೆರಳಿನ ಮೇಲೇ ಬೀಳುತ್ತದೆ. ನನ್ನ ಕೈಯಲ್ಲಿ ಆ ತಂತಿ ಸರಿಯಾಗಿ ಗೆಣ್ಣಿನ ಗೆರೆಯೊಳಗೆ ಕೂತುಬಿಡುತ್ತದೆ. ಇಲ್ಲೂ ಗಾಂಧಾರ ಇರುವುದು ಅದೊಂದೇ ತಂತಿಯಲ್ಲಿ, ಬಿಡುವ ಹಾಗಿಲ್ಲ. ಬೆರಳನ್ನು ಸ್ವಲ್ಪ ಮೂಳೆಯ ಬದಿಗೆ ಹೊರಳಿಸಿ ನೋಡುತ್ತಿದ್ದೇನೆ. ನಿನ್ನೆ ಎರಡು ಸಲ ನುಡಿಯಿತು.

ನೀನು ಎ ಮೈನರ್ ಹಿಡಿದು ರೆಕಾರ್ಡ್ ಮಾಡಿ ಕಳಿಸು. ಹಾಡು ಬೇಡ, ಒಂದೊಂದೇ ತಂತಿ, ನಿಧಾನಕ್ಕೆ. 2ನೇ ತಂತಿಗೆ ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ