ಬೀರುವಿಗೆ ಬೀಗ ಹಾಕಿದವಳು ನಾನೇ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ನಮ್ಮ ಕಡೆಯ ಸರ್ಕಾರಿ ಶಾಲೆಯೊಂದಕ್ಕೆ ದಾನಿಗಳು ಪುಸ್ತಕ ಮತ್ತು ಹೊಸ ಬೀರು ಕೊಟ್ಟಿದ್ದರು. ಬೀರುವಿಗೆ ಹೂವಿನ ಹಾರ, ಪಕ್ಕದಲ್ಲಿ ಏಳೆಂಟು ಜನ ದೊಡ್ಡವರು, ಮೂಲೆಯಲ್ಲಿ ಎರಡು ಮಕ್ಕಳ ತಲೆ. ಒಳ್ಳೆಯ ಕೆಲಸ, ಕೊಟ್ಟವರಿಗೆ ಪುಣ್ಯ ಬರಲಿ. ಆದರೆ ನನ್ನ ಕಣ್ಣು ಹೋಗಿದ್ದು ಬೀರುವಿಗೆ ಸಿಕ್ಕಿಸಿದ್ದ ಬೀಗದ ಕೈ ಮೇಲೆ. ಅದು ಆಮೇಲೆ ಎಲ್ಲಿ ಹೋಗಿ ಸೇರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಹದಿನಾಲ್ಕು ವರ್ಷ ಅಂಥದೇ ಒಂದು ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು.

ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್ ಆಗಿದ್ದೆ. "ಕನ್ನಡ ಮೇಡಂ ಅಲ್ವಾ, ಕಥೆ ಕಾದಂಬರಿ ಓದ್ತಾರೆ, ಲೈಬ್ರರಿ ಚಾರ್ಜ್ ಅವರಿಗೇ ಇರಲಿ" ಅಂತ ಸ್ಟಾಫ್ ಮೀಟಿಂಗಿನಲ್ಲಿ ಎರಡು ನಿಮಿಷದಲ್ಲಿ ತೀರ್ಮಾನವಾಯಿತು. ಎರಡು ಬೀರು, ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಪುಸ್ತಕ, ಒಂದು ದಾಸ್ತಾನು ಪುಸ್ತಕ. ಅದರಲ್ಲಿ ಬಂದ ದಿನದ ಪ್ರಕಾರ ಸಾಲಾಗಿ ಬರೆದಿತ್ತು. ವ್ಯಾಕರಣದ ಕೆಳಗೆ ಗಾಂಧೀಜಿ, ಗಾಂಧೀಜಿಯ ಕೆಳಗೆ ಜೇನು ಸಾಕಣೆ, ಅದರ ಕೆಳಗೆ ಅದೇ ಗಾಂಧೀಜಿಯ ಇನ್ನೂ ಐದು ಪ್ರತಿ. ಬೀರುವಿನ ಒಳಗೂ ಇದೇ ಕ್ರಮ. ವಾರಕ್ಕೆ ಇಪ್ಪತ್ತೆಂಟು ಪೀರಿಯಡ್ ಪಾಠ, ಮಧ್ಯೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮಕ್ಕಳ ವಿವರವನ್ನು ಕಂಪ್ಯೂಟರಿಗೆ ತುಂಬುವ ಸ್ಯಾಟ್ಸ್ ಎಂಟ್ರಿ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಕ್ಲಾಸು, ಇದರ ನಡುವೆ ಲೈಬ್ರರಿ ಅಂದರೆ ನನಗೆ ಇನ್ನೊಂದು ರಿಜಿಸ್ಟರ್ ಅಷ್ಟೇ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವಳು ನಾನು. ಕಳೆಯದಂತೆ ನೋಡಿಕೊಂಡೆ. ಅದಕ್ಕೆ ಸುಲಭದ ದಾರಿ ಯಾವುದು ಹೇಳಿ? ಯಾರಿಗೂ ಕೊಡದೇ ಇರುವುದು.

ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಬೀಗ ಹಾಕಿದ ಕಬ್ಬಿಣದ ಬೀರುವನ್ನು ಆಗಸ್ಟ್ ಕೊನೆಗೆ ತೆಗೆದರೆ ಮೊದಲು ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತದೆ. ರಟ್ಟಿನ ಮೇಲೆಲ್ಲ ಬಿಳಿ ಬೂಷ್ಟು. ಬಣ್ಣದ ಚಿತ್ರ ಇರುವ ನುಣುಪು ಕಾಗದದ ಪುಸ್ತಕಗಳಂತೂ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗಿರುತ್ತವೆ. ಬಿಡಿಸಲು ಹೋದರೆ ಹುಲಿಯ ಮುಖ ಈ ಪುಟದಲ್ಲಿ, ಕಣ್ಣು ಆ ಪುಟದಲ್ಲಿ. ನಾನು ಪ್ರತಿ ವರ್ಷ ಡಾಂಬರು ಗುಳಿಗೆ ಹಾಕುತ್ತಿದ್ದೆ. ಅದು ಹುಳಕ್ಕೆ, ಬೂಷ್ಟಿಗಲ್ಲ ಅಂತ ಆಗ ಯಾರೂ ಹೇಳಲಿಲ್ಲ. ಬೀರುವನ್ನು ಒದ್ದೆ ಗೋಡೆಯಿಂದ ಒಂದಡಿ ಈಚೆ ಎಳೆದು, ಮಳೆ ಹೊಳವಾದ ದಿನ ಬಾಗಿಲು ತೆಗೆದಿಟ್ಟಿದ್ದರೂ ಎಷ್ಟೋ ಪುಸ್ತಕ ಉಳಿಯುತ್ತಿದ್ದವು.

ಬೂಷ್ಟಿನ ಕಥೆ ಇರಲಿ. ನನ್ನನ್ನು ಇವತ್ತಿಗೂ ಕಾಡುವುದು ಒಬ್ಬ ಹುಡುಗ. ಒಂಬತ್ತನೇ ಕ್ಲಾಸು, ಓದಿನಲ್ಲಿ ಅಷ್ಟಕ್ಕಷ್ಟೆ. ಅವರ ಅಡಿಕೆ ತೋಟದ ಅಂಚಿನಲ್ಲಿ ಕಾಳಿಂಗ ಸರ್ಪ ಕಂಡಿತ್ತಂತೆ. ಮಾರನೇ ದಿನ ಪಾಠದ ಮಧ್ಯೆ ಎದ್ದು ನಿಂತು ಕೇಳಿದ. "ಮೇಡಂ, ಕಾಳಿಂಗ ಗೂಡು ಕಟ್ಟುತ್ತೆ ಅಂತಾನೆ ನಮ್ಮಜ್ಜ, ಹೌದಾ?" ನಾನು "ಹಾವು ಎಲ್ಲಾದ್ರೂ ಗೂಡು ಕಟ್ಟುತ್ತೇನೋ, ಅದೇನು ಗುಬ್ಬಿಯಾ?" ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವನು ಕೂತ. ಆಮೇಲೆ ನನ್ನ ಕ್ಲಾಸಿನಲ್ಲಿ ಅವನು ಏನೂ ಕೇಳಿದ ನೆನಪಿಲ್ಲ.

ರಿಟೈರ್ ಆಗುವ ತಿಂಗಳು ಚಾರ್ಜ್ ಕೊಡಲು ಒಂದೊಂದೇ ಪುಸ್ತಕ ಎಣಿಸುತ್ತಿದ್ದೆ. ಕೆಳಗಿನ ಅಂಕಣದಲ್ಲಿ, ಗಾಂಧೀಜಿಯ ಪ್ರತಿಗಳ ಹಿಂದೆ, ಹಾವುಗಳ ಬಗ್ಗೆ ಒಂದು ಕನ್ನಡ ಪುಸ್ತಕ ಸಿಕ್ಕಿತು. ಹೆಣ್ಣು ಕಾಳಿಂಗ ತರಗೆಲೆಯನ್ನು ಗುಡ್ಡೆ ಮಾಡಿ ಗೂಡು ಕಟ್ಟುತ್ತದೆ, ಅದರಲ್ಲಿ ಮೊಟ್ಟೆ ಇಟ್ಟು ಕಾಯುತ್ತದೆ ಅಂತ ಚಿತ್ರದ ಸಮೇತ ಇತ್ತು. ದಾಸ್ತಾನು ತೆಗೆದು ನೋಡಿದರೆ, ಆ ಹುಡುಗ ಕೇಳುವುದಕ್ಕೆ ಮೂರು ವರ್ಷ ಮೊದಲೇ ಪುಸ್ತಕ ಶಾಲೆಗೆ ಬಂದಿದೆ. ಬರೆದುಕೊಂಡ ಅಕ್ಷರ ನನ್ನದೇ.

ನಾನು ಕೆಟ್ಟ ಟೀಚರ್ ಅಂತ ಯಾರೂ ಹೇಳುವುದಿಲ್ಲ ಬಿಡಿ, ನನ್ನ ಸಬ್ಜೆಕ್ಟಿನಲ್ಲಿ ಫೇಲ್ ಆದವರು ಕಮ್ಮಿ. ಆದರೆ ಲೈಬ್ರರಿ ಕೆಲಸ ನನಗೆ ಬರುತ್ತಿರಲಿಲ್ಲ. ಅದನ್ನು ಕಲಿತವರಿಗೆ ಹಾವಿನ ಪುಸ್ತಕ ಅಂದ ತಕ್ಷಣ, ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 597.96 ಅಂತ ಜಾಗ ಗೊತ್ತು. ಪುಸ್ತಕ ಬಂದ ದಿನವೇ ಬೆನ್ನಿಗೆ ಆ ಚೀಟಿ ಅಂಟಿಸಿ ಅಲ್ಲೇ ಇಟ್ಟಿರುತ್ತಿದ್ದರು.

"ಪುಸ್ತಕ ಜೋಡಿಸೋದಕ್ಕೆ ಡಿಗ್ರಿ ಯಾಕೆ?" ಅನ್ನುವವರು ನಮ್ಮ ಇಲಾಖೆಯಲ್ಲೇ ಸಿಗುತ್ತಾರೆ. ಅವರಿಗೆ ನಾನು ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಕಥೆ ಹೇಳುತ್ತೇನೆ. ಅವರೂ ಮೇಷ್ಟ್ರೇ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆಗಿ ಹೋದರು. ಸ್ವಲ್ಪ ದಿನದಲ್ಲೇ ಬೇಜಾರಾಗಿ, ವಾಪಸ್ ಪಾಠಕ್ಕೇ ಕಳಿಸಿ ಅಂತ ಕೇಳಿಕೊಂಡರು. ಆಮೇಲೆ ಲಂಡನ್ನಿಗೆ ಹೋಗಿ ತರಬೇತಿ ಪಡೆದು, ಅಲ್ಲಿನ ಲೈಬ್ರರಿಗಳನ್ನೆಲ್ಲ ಸುತ್ತಿ ನೋಡಿ ಬಂದ ಮೇಲೇ ಇದು ಎಂಥ ಕೆಲಸ ಅಂತ ಅವರಿಗೆ ಗೊತ್ತಾಗಿದ್ದು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಎರಡು ಹೀಗಿವೆ: ಪ್ರತಿ ಓದುಗನಿಗೆ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೆ ಅದರ ಓದುಗ. ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದರು, 1962ರಲ್ಲಿ ಅಲ್ಲಿ ತರಬೇತಿ ಕೇಂದ್ರವನ್ನೂ ಕಟ್ಟಿದರು. ಅಷ್ಟು ಬುದ್ಧಿವಂತರಿಗೇ ತರಬೇತಿ ಇಲ್ಲದೆ ಈ ಕೆಲಸ ಹಿಡಿಸಲಿಲ್ಲ ಅಂದ ಮೇಲೆ, ಮೀಟಿಂಗಿನಲ್ಲಿ ಬೀಗದ ಕೈ ಸಿಕ್ಕಿದ ನನ್ನಂಥವಳ ಪಾಡೇನು?

ಆಸ್ಟ್ರೇಲಿಯಾದಲ್ಲಿ ಟೀಚರ್ ಲೈಬ್ರರಿಯನ್ ಅಂತ ಇದ್ದಾರೆ. ಪಾಠ ಮಾಡುವ ತರಬೇತಿಯೂ ಆಗಿರಬೇಕು, ಲೈಬ್ರರಿ ಓದೂ ಆಗಿರಬೇಕು. ನಮಗೆ ಬೇಕಾಗಿರುವುದು ಅಂಥವರೇ. ಎಂಟನೇ ಕ್ಲಾಸಿಗೆ ಬಂದರೂ ಒತ್ತಕ್ಷರ ತಡವರಿಸುವ ಹುಡುಗಿಗೆ, ಅವಳಿಗೆ ನಾಚಿಕೆ ಆಗದ ಹಾಗೆ, ಸಣ್ಣ ಪುಸ್ತಕ ಹುಡುಕಿ ಕೈಗಿಡುವುದು ಸುಮ್ನೆ ಅಲ್ಲ. ಮೊಬೈಲ್ ಇದೆಯಲ್ಲ ಅಂತೀರಾ? ಮೊಬೈಲಿನಲ್ಲಿ ಕಾಳಿಂಗ ಗೂಡು ಕಟ್ಟುವ ವಿಡಿಯೊನೂ ಇದೆ, ತಲೆಯಲ್ಲಿ ನಾಗಮಣಿ ಹೊತ್ತು ತಿರುಗುವ ವಿಡಿಯೊನೂ ಇದೆ. ಯಾವುದನ್ನು ನಂಬಬೇಕು, ಯಾಕೆ ನಂಬಬೇಕು ಅಂತ ಕೂರಿಸಿಕೊಂಡು ತೋರಿಸುವವರು ಶಾಲೆಯಲ್ಲಿ ಯಾರಿದ್ದಾರೆ?

ಹಾಗಂತ ಕಲಿತವರಿಗೇನೂ ಬರ ಇಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಗ್ರಂಥಾಲಯ ವಿಜ್ಞಾನದ ವಿಭಾಗ ಇದೆ. ಅಲ್ಲಿ ಓದಿ ಬಂದ ನಮ್ಮ ಪಕ್ಕದೂರಿನ ಹುಡುಗಿಯೊಬ್ಬಳು ಈಗ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ. ಮೊನ್ನೆ ಸಿಕ್ಕಾಗ ಸೀರೆಗಳನ್ನು ತೋರಿಸಿ, "ನೋಡಿ ಮೇಡಂ, ಕ್ಲಾಸಿಫಿಕೇಶನ್ ಇಲ್ಲೂ ಮಾಡ್ತಾ ಇದೀನಿ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತಲೂ ನೋಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಯಲ್ಲೂ ಲೈಬ್ರರಿ ಇರಬೇಕು, ಪೇಪರ್, ಮ್ಯಾಗಜಿನ್, ಕಥೆ ಪುಸ್ತಕ ಎಲ್ಲ ಇರಬೇಕು. ಆರರಿಂದ ಎಂಟನೇ ಕ್ಲಾಸಿನಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರು ಬೇಕು ಅಂತಲೂ ಬರೆದಿದೆ. ಲೈಬ್ರರಿಯನ್ನು ನಡೆಸುವವರ ಮಾತೇ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪುಸ್ತಕಕ್ಕೆ ಶಾಲೆ ನೋಡಿಕೊಂಡು 5,000ದಿಂದ 20,000 ರೂಪಾಯಿವರೆಗೆ ಇಟ್ಟಿದ್ದಾರೆ. ಪುಸ್ತಕಕ್ಕೆ ದುಡ್ಡು, ಮನುಷ್ಯರಿಗಿಲ್ಲ! ಕೇಂದ್ರ ಸರ್ಕಾರದ ನವೋದಯ ಶಾಲೆಗಳಲ್ಲಾದರೆ ಲೈಬ್ರರಿಯನ್ ಅಂತಲೇ ಬೇರೆ ಹುದ್ದೆ ಇದೆ. ನಮ್ಮ ಜಿಲ್ಲೆಯ ನವೋದಯ ಗಾಜನೂರಿನಲ್ಲಿದೆ, ಆರಿಸಿ ತೆಗೆದುಕೊಂಡ ಮಕ್ಕಳು ಓದುವ ಶಾಲೆ. ತೋಟದಲ್ಲಿ ಕಾಳಿಂಗ ಕಾಣುವ ನಮ್ಮ ಹುಡುಗರಿಗೆ ಯಾಕಿಲ್ಲ?

ಪ್ರತಿ ಶಾಲೆಗೂ ಒಬ್ಬರನ್ನು ಕೊಡಿ ಅಂದರೆ ದುಡ್ಡಿಲ್ಲ ಅಂತಾರೆ, ಗೊತ್ತು. ನಮ್ಮಲ್ಲಿ ಹದಿನೈದು ಮಕ್ಕಳ ಶಾಲೆಗಳೂ ಇವೆ, ಅಲ್ಲಿಗೊಬ್ಬರು ಅಂತ ನಾನೂ ಕೇಳುವುದಿಲ್ಲ. ಅಕ್ಕಪಕ್ಕದ ಕೆಲವು ಶಾಲೆಗಳು ಸೇರಿದ ಒಂದು ಕ್ಲಸ್ಟರಿಗೆ ಒಬ್ಬರನ್ನು ಕೊಡಲಿ. ಅವರು ದಿನಕ್ಕೊಂದು ಶಾಲೆ ಅಂತ ಸುತ್ತಲಿ, ಬಂದ ದಿನ ಟೈಮ್‌ಟೇಬಲ್ಲಿನಲ್ಲಿ ಲೈಬ್ರರಿ ಪೀರಿಯಡ್ ಇರಲಿ, ಯಾವ ಪುಸ್ತಕ ಕೊಳ್ಳಬೇಕು ಅಂತ ಅವರನ್ನೇ ಕೇಳಲಿ. ಪುಸ್ತಕ ಕಳೆದರೆ, ಹರಿದರೆ ಅದನ್ನು ಓದಿನ ಖರ್ಚು ಅಂತ ಬರೆದು ಹಾಕಲು ಬಿಡಲಿ. ಪಂಚಾಯ್ತಿಯ ಲೈಬ್ರರಿಗಳು, ಅದೇ ಅರಿವು ಕೇಂದ್ರಗಳು ಇವೆಯಲ್ಲ ಅನ್ನಬೇಡಿ. ಇವೆ, ಪೇಟೆ ಹತ್ತಿರದ ಮಕ್ಕಳು ಹೋಗುತ್ತಾರೆ. ನಮ್ಮ ಮಕ್ಕಳಿಗೆ ನಾಲ್ಕೂವರೆಯ ಬಸ್ ತಪ್ಪಿದರೆ ಆಮೇಲೆ ಕಾಡುದಾರಿಯಲ್ಲಿ ನಡಿಗೆಯೇ ಗತಿ.

ನಿಮ್ಮಲ್ಲಿ ಒಂದು ಕೋರಿಕೆ. ಈ ಸಲದ ಮಳೆಗಾಲ ಮುಗಿದ ಮೇಲೆ ನಿಮ್ಮ ವರದಿಗಾರರನ್ನು ಆ ಫೋಟೊದ ಶಾಲೆಗೆ ಇನ್ನೊಂದು ಸಲ ಕಳಿಸಿ. ಹಾರ ಹಾಕಿದ ಬೀರು ತೆಗೆಸಿ, ಪುಸ್ತಕ ಕೊಟ್ಟ ರಿಜಿಸ್ಟರಿನಲ್ಲಿ ಕೊನೆಯ ತಾರೀಕು ಯಾವುದಿದೆ ಅಂತ ನೋಡಲಿ. ರಿಜಿಸ್ಟರ್ ಸಿಗದಿದ್ದರೆ ಒಂದು ಪುಸ್ತಕ ತೆಗೆದು ಮೂಸಿ ನೋಡಲಿ, ಸಾಕು.

ಇಂತಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ